ನರ್ಸಮ್ಮನ ಬೈಕಿನಲ್ಲಿ ಏರುತ್ತಿದ್ದ ಎಣ್ಣೆ

ಆಸ್ಪತ್ರೆಯಲ್ಲಿ ಎದುರಿಗೆ ಎಲ್ಲರೂ ಅವಳನ್ನು ನರ್ಸಮ್ಮ ಎನ್ನುತ್ತಿದ್ದರು, ಬೆನ್ನ ಹಿಂದೆ ಲೇಬಲ್ಲಮ್ಮ. ಯಾವ ಬಾಟಲಿ ಕೈಗೆ ಬಂದರೂ ಮೊದಲು ಅದರ ಮೇಲಿನ ಚೀಟಿ ಓದಬೇಕು, ಆಮೇಲೆ ಬೆಳಕಿಗೆ ಹಿಡಿದು ನೋಡಬೇಕು, ಆಮೇಲೆ ಮುಚ್ಚಳದ ಸುತ್ತ ಉಗುರು ಆಡಿಸಬೇಕು. ಇಷ್ಟಾದ ಮೇಲೂ ಮನಸ್ಸು ಒಪ್ಪದಿದ್ದರೆ ಪಕ್ಕದವರ ಕೈಗೆ ಕೊಟ್ಟು, “ನೀನೊಂದ್ಸಲ ಓದು” ಎನ್ನಬೇಕು. ಪಕ್ಕದವರು ಓದಿ ಹೇಳಿದ್ದನ್ನೂ ಅವಳು ಪೂರ್ತಿ ನಂಬುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಇದು ಹುಟ್ಟುಗುಣವೇನೂ ಅಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಔಷಧಿ ಕೋಣೆಯವನು ಕೊಟ್ಟ ಶೀಶೆಯನ್ನು ನಂಬಿ ಒಬ್ಬ ಬಡಗಿಯ ತೋಳಿಗೆ ಚುಚ್ಚುಮದ್ದು ಹಾಕಿದ್ದಳು. ಆ ಶೀಶೆಗೆ ಹಳೇ ಚೀಟಿಯ ಮೇಲೆ ಹೊಸ ಚೀಟಿ ಅಂಟಿಸಿದ್ದರು ಎಂಬುದು ಗೊತ್ತಾದದ್ದು ಮೂರು ದಿನದ ಮೇಲೆ, ತೋಳು ಊದಿಕೊಂಡಾಗ. ಬಡಗಿ ಎರಡು ತಿಂಗಳು ಉಳಿ ಹಿಡಿಯಲಾರದೆ ಮನೆಯಲ್ಲಿ ಕುಳಿತ. ಆದರೂ ಅವನು ಬೈಯಲಿಲ್ಲ. “ನಿಮ್ಮ ತಪ್ಪೇನಮ್ಮ, ಕೊಟ್ಟದ್ದನ್ನ ಹಾಕಿದ್ರಿ” ಎಂದ. ಬೈದಿದ್ದರೆ ಒಂದು ದಿನ ಅತ್ತು ಮರೆಯುತ್ತಿದ್ದಳೋ ಏನೋ. ಈ ಮಾತು ಮಾತ್ರ ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತು. ಕೊಟ್ಟದ್ದನ್ನು ಹಾಕುವವಳು ತಾನಾಗಬಾರದು ಎಂದು ಅವತ್ತೇ ನಿರ್ಧರಿಸಿದಳು.

ಅವಳ ಗಂಡ ಕ್ಷೌರಿಕ. ಹೆಂಡತಿ ಯಾರನ್ನೂ ನಂಬದವಳಾದರೆ ಇವನು ಎಲ್ಲರನ್ನೂ ನಂಬುವವನು. “ಕತ್ತಿ ಹಿಡಿದವನ ಕೈಗೆ ಕುತ್ತಿಗೆ ಕೊಟ್ಟು ಜನ ಕಣ್ಣು ಮುಚ್ಚಿ ಕೂತ್ಕೊಳ್ತಾರೆ ಕಣೇ. ಲೋಕ ನಡೆಯೋದೇ ನಂಬಿಕೆ ಮೇಲೆ” ಎಂದು ಅವನು ಹೇಳುತ್ತಿದ್ದ.

“ಹಾಗಿದ್ರೆ ಎದುರಿಗೆ ಅಷ್ಟು ದೊಡ್ಡ ಕನ್ನಡಿ ಯಾಕ್ರೀ ಇಟ್ಟಿದ್ದೀರಿ?” ಎಂದು ಅವಳು ಕೇಳಿದರೆ ಅವನು ಕತ್ತಿ ಮಸೆಯಲು ಹೊರಡುತ್ತಿದ್ದ.

ಮನೆಯಲ್ಲಿದ್ದ ಮೂರನೆಯವರು ಅವಳ ಮಾವ. ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದವರು. ಮಂಡಿ ಸೋತು ಕಾರು ಮಾರಿದ ಮೇಲೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಬೀದಿಯಲ್ಲಿ ಹೋಗುವ ಪ್ರತಿಯೊಂದು ಗಾಡಿಯ ಸದ್ದು ಕೇಳಿ ಅದರ ರೋಗ ಹೇಳುತ್ತಾ ಕೂರುತ್ತಿದ್ದರು. “ಇವನ ಬ್ರೇಕು ಮುಗೀತು.” “ಇವನು ಮೂರನೇ ಗೇರಲ್ಲಿ ಹೋಗ್ಬೇಕಾದ ಕಡೆ ನಾಲ್ಕರಲ್ಲಿ ಸಾಯ್ತಿದ್ದಾನೆ.” ಸೊಸೆ ಬೈಕು ಕೊಳ್ಳುತ್ತೇನೆಂದಾಗ ಬೇಡವೇ ಬೇಡ ಎಂದಿದ್ದರು. ಎರಡು ಚಕ್ರದ ಮೇಲೆ ಅವರಿಗೆ ಎಂದೂ ವಿಶ್ವಾಸವಿರಲಿಲ್ಲ. “ತಾನಾಗಿ ನಿಲ್ಲೋಕೆ ಬಾರದ ಗಾಡಿ ನಿನ್ನನ್ನೇನು ನಿಲ್ಲಿಸುತ್ತೆ? ಒಂದಿನ ದಾರೀಲಿ ಬಿಡುತ್ತೆ, ನೋಡ್ತಿರು” ಎಂದಿದ್ದರು.

ಆದರೆ ಅವಳ ಕೆಲಸಕ್ಕೆ ಬೈಕು ಬೇಕೇ ಬೇಕಿತ್ತು. ಊರಿನ ಹಿಂದಿನ ಗುಡ್ಡದ ಮೇಲೆ ಅರವತ್ತು ಮನೆಗಳ ಒಂದು ಬಡಾವಣೆ. ಅಲ್ಲಿನ ಬಾಣಂತಿಯರನ್ನು ನೋಡುವುದು, ಕೂಸುಗಳಿಗೆ ಲಸಿಕೆ ಹಾಕುವುದು, ನಡೆಯಲಾರದವರ ಗಾಯಕ್ಕೆ ಪಟ್ಟಿ ಕಟ್ಟುವುದು ಎಲ್ಲ ಅವಳ ಪಾಲು. ಬಸ್ಸು ದಿನಕ್ಕೆರಡೇ ಸಲ. ಕೆಳಗಿನ ನಿಲ್ದಾಣದಲ್ಲಿ ಇಳಿದು ಲಸಿಕೆಯ ತಂಪುಪೆಟ್ಟಿಗೆ ಹೊತ್ತು ಹತ್ತುವಷ್ಟರಲ್ಲಿ ಮಂಜುಗಡ್ಡೆ ಅರ್ಧ ನೀರಾಗಿರುತ್ತಿತ್ತು. ಹೀಗಾಗಿ ಅಂಚೆಯವನು ತನ್ನ ಬೈಕು ಮಾರುತ್ತಾನೆಂದು ತಿಳಿದಾಗ ನಾಲ್ಕು ಬಾರಿ ಹೋಗಿ, ನಾಲ್ಕು ಬಾರಿಯೂ ಬೇರೆ ಬೇರೆ ಪ್ರಶ್ನೆ ಕೇಳಿ, ಐದನೆಯ ಬಾರಿಗೆ ಕೊಂಡು ತಂದಳು. ಅಂಚೆಯವನು ಬೈಕಿನ ಜೊತೆ ಅದರ ಪುಸ್ತಕವನ್ನೂ ಕೊಟ್ಟಿದ್ದ. ಬೈಕು ಕೊಂಡವರಲ್ಲಿ ಆ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವಳು ಬಹುಶಃ ಇವಳೊಬ್ಬಳೇ.

ಆರು ತಿಂಗಳಾದ ಮೇಲೆ ಇಂಜಿನ್ ಎಣ್ಣೆ ಬದಲಿಸುವ ಸಮಯ ಬಂತು. ಬಿಡಿಭಾಗಗಳ ಅಂಗಡಿಗೆ ಹೋದಳು. ಅಂಗಡಿಯವನನ್ನು ಬೀದಿಯವರೆಲ್ಲ ಸಿಹಿಮಾತು ಎಂದೇ ಕರೆಯುತ್ತಿದ್ದರು. ಅಷ್ಟು ಸಾಕಿತ್ತು, ಅವಳು ಹುಬ್ಬು ಗಂಟಿಕ್ಕಿಕೊಂಡೇ ಮೆಟ್ಟಿಲು ಹತ್ತಿದಳು.

“ಬನ್ನಿ ಬನ್ನಿ ನರ್ಸಮ್ಮ! ನಿಮ್ಮಂಥವರಿಗೆ ಅಂತಲೇ ಇದನ್ನ ತೆಗೆದಿಟ್ಟಿದ್ದೀನಿ” ಎಂದು ಅವನು ಮಿರಮಿರ ಮಿಂಚುವ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟ. “ಇದನ್ನ ಹಾಕಿದ್ರೆ ಗಾಡಿ ಬೆಣ್ಣೆ ಮೇಲೆ ಜಾರಿದ ಹಾಗೆ ಹೋಗುತ್ತೆ.”

“ಜಾರೋದು ಬೇಡ. ಹೋದ್ರೆ ಸಾಕು.”

“ಹಾಗಾದ್ರೆ ಇದು. ಗಟ್ಟಿ ಎಣ್ಣೆ. ಇಪ್ಪತ್ತು ಐವತ್ತು ನಂಬರಿನದು. ಹಳೇ ಗಾಡಿಗೆ ಗಟ್ಟಿ ಎಣ್ಣೆನೇ ಮದ್ದು.”

“ಪುಸ್ತಕದಲ್ಲಿ ಹತ್ತು ಮೂವತ್ತು ಅಂತಿದೆ.”

“ಪುಸ್ತಕ ಬರೆದವರು ನಮ್ಮ ಗುಡ್ಡ ನೋಡಿದ್ದಾರಾ ನರ್ಸಮ್ಮ?”

“ನೀವು ನನ್ನ ಇಂಜಿನ್ನಿನ ಒಳಗೆ ನೋಡಿದ್ದೀರಾ?”

ಸಿಹಿಮಾತು ನಕ್ಕು ಆ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. ಅವಳು ಹತ್ತು ಮೂವತ್ತರ ಡಬ್ಬಿಗಳನ್ನೆಲ್ಲ ಸಾಲಾಗಿ ಇಡಿಸಿ, ತಯಾರಾದ ತಿಂಗಳು ಓದಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ, ‘ಬೈಕಿಗೆ ಮಾತ್ರ’ ಎಂದು ಬರೆದದ್ದನ್ನು ಆರಿಸಿದಳು. ಅದರಲ್ಲೂ ಎದುರಿಗಿದ್ದ ಡಬ್ಬಿ ಬೇಡವೆಂದು ಹಿಂದಿನ ಸಾಲಿನಿಂದ ಒಂದನ್ನು ಎಳೆದುಕೊಂಡಳು. ಮುಂದಿಡುವುದನ್ನು ಮಾರುವವನು ಆರಿಸಿರುತ್ತಾನೆ ಎನ್ನುವುದು ಅವಳ ಲೆಕ್ಕಾಚಾರ.

ಮೆಕ್ಯಾನಿಕ್‌ನ ಗ್ಯಾರೇಜು ಅದೇ ಬೀದಿಯ ಕೊನೆಯಲ್ಲಿತ್ತು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಯ ಮೇಲೆ ಗಾತ್ರದ ಪ್ರಕಾರ ತೂಗುಹಾಕಿದ ಸ್ಪ್ಯಾನರುಗಳು. ಮೆಕ್ಯಾನಿಕ್ ಸಿಹಿಮಾತಿನ ತದ್ವಿರುದ್ಧ. ಕೇಳಿದ್ದಕ್ಕೆ ಮಾತ್ರ ಉತ್ತರ, ಅದೂ ಕೆಲಸ ಮಾಡುತ್ತಲೇ. ಮಾತಾಡದವರ ಮೇಲೂ ಅವಳಿಗೆ ಅನುಮಾನವಿತ್ತು, ಏನೋ ಮುಚ್ಚಿಡುತ್ತಾರೆಂದು.

“ಈ ಹತ್ತು, ಮೂವತ್ತು ಅಂದ್ರೆ ಏನು?” ಎಂದು ಪರೀಕ್ಷೆ ಮಾಡುವವಳಂತೆ ಕೇಳಿದಳು.

“ಮೊದಲನೇದು ತಣ್ಣಗಿದ್ದಾಗ ಎಷ್ಟು ಬೇಗ ಹರಿಯುತ್ತೆ ಅಂತ. ಅಂಕಿ ಕಡಿಮೆ ಇದ್ದಷ್ಟೂ ಬೆಳಿಗ್ಗೆ ಬೇಗ ಓಡುತ್ತೆ. ಎರಡನೇದು ಇಂಜಿನ್ ಕಾದ ಮೇಲೆ ಎಷ್ಟು ಗಟ್ಟಿ ನಿಲ್ಲುತ್ತೆ ಅಂತ.”

ಅವಳು ಓದಿಕೊಂಡಿದ್ದೂ ಅದೇ. ಉತ್ತರ ಸರಿಯಾಗಿತ್ತು ಎಂಬುದರಿಂದ ಸಮಾಧಾನದ ಬದಲು ಸ್ವಲ್ಪ ನಿರಾಸೆಯೇ ಆಯಿತು. ಹಳೆಯ ಎಣ್ಣೆ ಇಳಿಯುವವರೆಗೂ, ಹೊಸತು ಸುರಿಯುವವರೆಗೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತಳು. ಬೈಕನ್ನು ನೆಟ್ಟಗೆ ನಿಲ್ಲಿಸಿ ನೋಡಿದಾಗ ಇಂಜಿನ್ನಿನ ಬಲಬದಿಯ ಪುಟ್ಟ ಗಾಜಿನ ಕಿಂಡಿಯಲ್ಲಿ ಎರಡು ಗೆರೆಗಳ ನಡುವೆ ಜೇನಿನ ಬಣ್ಣದ ಎಣ್ಣೆ ಕಂಡಿತು. ಖಾಲಿ ಡಬ್ಬಿಯನ್ನು ಅವನ ಬಳಿ ಬಿಡದೆ, ಅಲ್ಲೇ ಇದ್ದ ಉಳಿಯಿಂದ ಅದರ ತಳಕ್ಕೆ ಮೂರು ತೂತು ಹೊಡೆದು ಕಸದ ಬುಟ್ಟಿಗೆ ಹಾಕಿದಳು, ಯಾರೂ ಅದರಲ್ಲಿ ಕಲಬೆರಕೆ ತುಂಬಿ ಮತ್ತೆ ಮಾರಬಾರದೆಂದು. ಮೆಕ್ಯಾನಿಕ್ ಅದನ್ನು ನೋಡಿ, ಉಳಿಯನ್ನು ಒರೆಸಿ ಅದರ ಜಾಗದಲ್ಲಿಟ್ಟ.

ಮೊದಲ ವಾರ ಬೈಕು ಚೆನ್ನಾಗಿಯೇ ಓಡಿತು. ಎರಡನೇ ವಾರದ ಕೊನೆಗೆ ಏನೋ ಶುರುವಾಯಿತು. ಆಕ್ಸಿಲರೇಟರ್ ತಿರುವಿದರೆ ಇಂಜಿನ್ ಹೋ ಎಂದು ಕೂಗುತ್ತಿತ್ತು, ಚಕ್ರ ಮಾತ್ರ ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ನಿಧಾನಕ್ಕೆ ಉರುಳುತ್ತಿತ್ತು. ಒಂದು ಗುರುವಾರ ಬೆಳಿಗ್ಗೆ ಗುಡ್ಡದ ಎರಡನೇ ತಿರುವಿನಲ್ಲಿ ಬೈಕು ಕೂಗಿ ಕೂಗಿ ನಿಂತೇಬಿಟ್ಟಿತು. ಮೇಲೆ ಒಂದು ಮನೆಯಲ್ಲಿ ಹನ್ನೊಂದು ದಿನದ ಕೂಸು. ಹುಟ್ಟಿದಂದಿನಿಂದ ತೂಕ ಏರದೆ ಎಲ್ಲರಿಗೂ ಕಳವಳ. ಅವಳು ಬೈಕನ್ನು ಕಲ್ಲಿಗೆ ಒರಗಿಸಿ, ತಂಪುಪೆಟ್ಟಿಗೆ ಒಂದು ಹೆಗಲಿಗೆ, ತಕ್ಕಡಿ ಇನ್ನೊಂದು ಹೆಗಲಿಗೆ ಹಾಕಿಕೊಂಡು ಹತ್ತಿದಳು. ತಲುಪಿದಾಗ ಕಾದು ಕಾದು ತಾಯಿಯ ಮುಖ ಬಾಡಿತ್ತು. ಕೂಸಿನ ತೂಕ ಒಂದಿಷ್ಟು ಏರಿತ್ತು ಎನ್ನುವುದೊಂದೇ ಆ ದಿನದ ಸುಖ.

ಇಳಿಯುತ್ತಾ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಯೋಚನೆ: ಎಣ್ಣೆ. ಎಣ್ಣೆ ಬದಲಿಸುವ ಮೊದಲು ಈ ರೋಗ ಇರಲಿಲ್ಲ. ಬದಲಿಸಿದ ಮೇಲೆ ಬಂತು. ಹಾಗಾದರೆ ಡಬ್ಬಿಯಲ್ಲಿದ್ದದ್ದು ನಕಲಿ, ಇಲ್ಲವೇ ಸುರಿದವನ ಕೈಚಳಕ.

ಇಳಿಜಾರಿನಲ್ಲಿ ಬೈಕನ್ನು ಉರುಳಿಸಿಕೊಂಡು ಸೀದಾ ಗ್ಯಾರೇಜಿಗೆ ಬಂದಳು. ಒಳಗೆ ಹೋಗಲಿಲ್ಲ. ಬೀದಿಯಲ್ಲೇ ನಿಂತು, ಮೂರ್ನಾಲ್ಕು ಗಿರಾಕಿಗಳ ಎದುರಿಗೆ, “ಏನು ಹಾಕಿದ್ರಿ ನನ್ನ ಗಾಡಿಗೆ?” ಎಂದಳು.

“ನೀವು ತಂದದ್ದನ್ನೇ.”

“ನಾನು ತಂದದ್ದು ಹೀಗೆ ಮಾಡೋದಿಲ್ಲ.”

“ನಿಮ್ಮ ಕಣ್ಣೆದುರಿಗೇ ಸುರಿದೆ ನರ್ಸಮ್ಮ.”

“ಕಣ್ಣೆದುರಿಗೆ ಜಾದೂಗಾರನೂ ಮಾಡ್ತಾನೆ.”

ಕುಳಿತವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಮೆಕ್ಯಾನಿಕ್ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ, ಮತ್ತೆ ಮಡಿಸಿ, ಜೇಬಿಗೆ ಹಾಕಿಕೊಂಡ. “ಕ್ಲಚ್ಚು ಜಾರ್ತಿದೆ. ಬಿಟ್ಟು ಹೋಗಿ, ಬಿಚ್ಚಿ ನೋಡ್ತೀನಿ” ಎಂದ.

“ನಿಮ್ಮ ಹತ್ತಿರ ಇನ್ನೊಂದ್ಸಲ ಬಿಟ್ಟು ಹೋಗೋದಾ?” ಎಂದವಳೇ ಬೈಕು ತಳ್ಳಿಕೊಂಡು ಹೊರಟಳು. ದಾರಿಯಲ್ಲಿ ಸಿಹಿಮಾತಿನ ಅಂಗಡಿಗೂ ಒಂದು ಸುತ್ತು ಹಾಕಿ, ಅದೇ ಸಾಲಿನ ಡಬ್ಬಿಗಳ ಸಂಖ್ಯೆಗಳನ್ನು ಒಂದೊಂದಾಗಿ ಓದಿದಳು. ಅವನು ಮೊದಲ ಬಾರಿಗೆ ಸಿಹಿಯಿಲ್ಲದ ದನಿಯಲ್ಲಿ, “ನಾನು ಮಾತು ಜಾಸ್ತಿ ಆಡ್ತೀನಿ, ನಿಜ. ಆದ್ರೆ ನಕಲಿ ಮಾಲು ಮಾರೋದಿಲ್ಲ” ಎಂದ.

ಮನೆಗೆ ಬಂದು ಬೈಕನ್ನು ಬೀದಿಯ ಸಮನಾದ ನೆಲದಲ್ಲಿ ನಡುಸ್ಟ್ಯಾಂಡಿಗೆ ಹಾಕಿ, ನೆಟ್ಟಗೆ ನಿಲ್ಲಿಸಿ ಗಾಜಿನ ಕಿಂಡಿ ನೋಡಿದಳು. ಎಣ್ಣೆ ಕಡಿಮೆಯಾಗಿರುತ್ತದೆ ಎಂದುಕೊಂಡಿದ್ದಳು. ನೋಡಿದರೆ ಮೇಲಿನ ಗೆರೆಯನ್ನೂ ದಾಟಿ ನಿಂತಿತ್ತು.

ಇಂಜಿನ್ ಎಣ್ಣೆ ಕಡಿಮೆಯಾಗಬಹುದು, ಕಪ್ಪಾಗಬಹುದು. ತಾನಾಗಿ ಹೆಚ್ಚಾಗುವುದು ಹೇಗೆ? ಶೀಶೆಯಲ್ಲಿ ಔಷಧ ಹೆಚ್ಚಾಗಿದ್ದರೆ ಯಾರೋ ನೀರು ಬೆರೆಸಿದ್ದಾರೆ ಎಂದೇ ಅರ್ಥ. ಅಷ್ಟು ಅವಳಿಗೆ ಗೊತ್ತಿತ್ತು. ಯಾರೋ ಅವಳ ಬೈಕಿಗೆ ಕೈ ಹಾಕುತ್ತಿದ್ದರು.

ಮನೆಯ ಪಕ್ಕದ ಓಣಿಯಲ್ಲಿ ಬೈಕು ನಿಲ್ಲುತ್ತಿತ್ತು. ಓಣಿ ಎಷ್ಟು ಕಿರಿದೆಂದರೆ ನಡುಸ್ಟ್ಯಾಂಡಿಗೆ ಎತ್ತಲು ಜಾಗವಿಲ್ಲ, ಪಕ್ಕದ ಸ್ಟ್ಯಾಂಡಿನ ಮೇಲೆ ಎಡಕ್ಕೆ ವಾಲಿಸಿಯೇ ನಿಲ್ಲಿಸಬೇಕು. ಓಣಿಯ ಆಚೆ ಗಡಿಯಾರ ರಿಪೇರಿಯವನ ಮನೆ. ಬೆಳಿಗ್ಗೆ ಬೈಕು ಸ್ಟಾರ್ಟ್ ಮಾಡುವ ಸದ್ದಿಗೆ ತನ್ನ ಕೈ ನಡುಗುತ್ತದೆಂದು ಅವನು ಎರಡು ಸಲ ದೂರಿದ್ದ. ಅನುಮಾನ ಮೊದಲು ಹೋದದ್ದು ಅವನ ಕಡೆಗೆ.

“ಅವನು ಸಂದಿನಲ್ಲಿ ಸೂಜಿ ಇಟ್ಟು ಕೆಲಸ ಮಾಡೋನು. ಎಣ್ಣೆ ಹಾಕೋದು ಅವನಿಗೆ ಕಷ್ಟವಾ?” ಎಂದು ಗಂಡನಿಗೆ ಹೇಳಿದಳು.

ಗಂಡ ತಲೆ ಚಚ್ಚಿಕೊಂಡ. “ದ್ವೇಷ ಇದ್ದವನು ಗಾಳಿ ತೆಗೀತಾನೆ, ಪೆಟ್ರೋಲ್ ಕದೀತಾನೆ. ಸುಮ್ಸುಮ್ನೆ ಎಣ್ಣೆ ತುಂಬಿ ಹೋಗ್ತಾನಾ? ಅಂಥ ವೈರಿ ನನಗೂ ಒಬ್ಬ ಸಿಗಲಿ, ದಿನಾ ಬಂದು ಕತ್ತಿ ಮಸೆದು ಹೋಗಲಿ!”

“ನೀವೇ ಹಾಕಿಲ್ಲ ತಾನೇ?”

“ನನಗೆ ಎಣ್ಣೆ ಎಲ್ಲಿ ಹಾಕ್ಬೇಕು ಅಂತಲೇ ಗೊತ್ತಿಲ್ಲ ಕಣೇ. ನನಗೆ ಗೊತ್ತಿರೋದು ತಲೆ ಎಣ್ಣೆ ಒಂದೇ.”

ಇದು ನಿಜವೆಂದು ಅವಳು ಒಪ್ಪಿದಳು. ಆದರೂ ಮರುದಿನ ಸಂಜೆ ಬೈಕು ಓಣಿಗೆ ಸೇರಿಸಿದ ಮೇಲೆ, ಎಣ್ಣೆ ಸುರಿಯುವ ಬಾಯಿಯ ಮುಚ್ಚಳಕ್ಕೂ ಇಂಜಿನ್ನಿಗೂ ಸೇರಿಸಿ ಪೆನ್ಸಿಲಿನಿಂದ ಕೂದಲೆಳೆಯಷ್ಟು ಸಣ್ಣ ಗೆರೆ ಎಳೆದಳು. ಬೆಳಿಗ್ಗೆ ಎದ್ದ ಕೂಡಲೇ ನೋಡಿದಾಗ ಗೆರೆ ಕೂಡಿಕೊಂಡೇ ಇತ್ತು. ಸ್ನಾನ ಮುಗಿಸಿ, ತಿಂಡಿ ತಿಂದು ಹೊರಡುವಾಗ ನೋಡಿದಳು. ಮುಚ್ಚಳದ ಗೆರೆ ಇಂಜಿನ್ನಿನ ಗೆರೆಯಿಂದ ಒಂದು ಅಕ್ಕಿಕಾಳಿನಷ್ಟು ಸರಿದಿತ್ತು.

ಅಂದರೆ ಅದು ನಡೆಯುವುದು ಬೆಳಕು ಹರಿದ ಮೇಲೆ, ಅವಳು ಮನೆಯೊಳಗೆ ಇರುವಾಗಲೇ.

ಮರುದಿನ ಅವಳು ಎಂದಿನಂತೆ ಟವೆಲು ಹಿಡಿದು ಬಚ್ಚಲಿಗೆ ಹೋದಳು. ಚಿಲಕ ಹಾಕಿ, ಒಂದು ಬಕೆಟ್ಟಿಗೆ ನಲ್ಲಿ ಬಿಟ್ಟಳು. ನೀರಿನ ಸದ್ದು ಹೊರಗೆ ಕೇಳುತ್ತಿರಲಿ ಎಂದು. ಇನ್ನೊಂದು ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ನಿಂತು, ಓಣಿಯ ಕಡೆ ತೆರೆಯುವ ಎತ್ತರದ ಕಿಟಕಿಯಿಂದ ಇಣುಕಿದಳು. ಗಡಿಯಾರದವನ ಬಾಗಿಲು ಮುಚ್ಚಿತ್ತು. ಒಂದು ಬೆಕ್ಕು ಗೋಡೆಯ ಮೇಲೆ ನಡೆದುಹೋಯಿತು. ಕಾಲಡಿಯ ಬಕೆಟ್ಟು ಕಿರುಗುಟ್ಟುತ್ತಿತ್ತು. ಅದು ಒಡೆದರೆ ಏನು ಸಬೂಬು ಹೇಳುವುದೆಂದು ಯೋಚಿಸುತ್ತಿರುವಾಗಲೇ ಓಣಿಯ ತುದಿಯಲ್ಲಿ ಒಂದು ನೆರಳು ಕಾಣಿಸಿತು.

ಮಾವ.

ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಉದ್ದ ಮೂತಿಯ ಎಣ್ಣೆ ಡಬ್ಬಿ. ಬೈಕಿನ ಬಳಿ ಬಂದು, ಗೋಡೆ ಹಿಡಿದು, ಒಂದೊಂದೇ ಮಂಡಿ ಮಡಿಸುತ್ತಾ ನೆಲಕ್ಕೆ ಕುಳಿತರು. ಕಿಂಡಿಯನ್ನು ನೋಡಿದರು. ನಾಲಗೆ ಲೊಚಗುಟ್ಟಿಸಿದರು. ಮುಚ್ಚಳ ತಿರುಗಿಸಿ, ಒಂದು ಚಿಕ್ಕ ಲೋಟದಷ್ಟು ಎಣ್ಣೆಯನ್ನು ಒಳಕ್ಕೆ ಬಿಟ್ಟು, ಮುಚ್ಚಳ ಬಿಗಿದು, ಬಟ್ಟೆಯಿಂದ ಸುತ್ತ ಒರೆಸಿದರು. ಏಳುವುದು ಕೂರುವುದಕ್ಕಿಂತ ಕಷ್ಟವಾಯಿತು.

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಅವಳ ಸ್ಥಿತಿ. ಆದರೆ ನಗು ಬರಲಿಲ್ಲ. ನಲ್ಲಿ ನಿಲ್ಲಿಸಿ, ಬೋರಲು ಬಕೆಟ್ಟಿನ ಮೇಲೆ ಕುಳಿತೇಬಿಟ್ಟಳು. ಒಂದಿನ ದಾರೀಲಿ ಬಿಡುತ್ತೆ, ನೋಡ್ತಿರು. ಮಾವ ಹೇಳಿದ ಮಾತು ಅದು. ಹೇಳಿದ್ದನ್ನು ನಿಜ ಮಾಡಲು ಹೊರಟಿದ್ದಾರೆಯೇ? ಮೂವತ್ತು ವರ್ಷ ಗಾಡಿ ಓಡಿಸಿದವರಿಗೆ ಯಾವ ಎಣ್ಣೆ ಹಾಕಿದರೆ ಏನಾಗುತ್ತದೆಂದು ಗೊತ್ತಿರುವುದಿಲ್ಲವೇ? ಬೈಕು ಕೆಡಲಿ, ಮಾರಿಹೋಗಲಿ, ಸೊಸೆ ಮತ್ತೆ ಬಸ್ಸು ಹಿಡಿಯಲಿ ಎಂದು?

ಅವತ್ತು ಬಸ್ಸಿನಲ್ಲೇ ಕೆಲಸಕ್ಕೆ ಹೋದಳು. ಗಂಡನಿಗೆ ಹೇಳಲಿಲ್ಲ. ಹನ್ನೆರಡು ವರ್ಷ ಒಂದೇ ಸೂರಿನ ಕೆಳಗೆ ಬಾಳಿದ ಮನುಷ್ಯನ ಬಗ್ಗೆ ಹೀಗೆ ಯೋಚಿಸುತ್ತಿದ್ದೇನಲ್ಲ ಎಂದು ನಾಚಿಕೆಯಾಗುತ್ತಿತ್ತು, ನಾಚಿಕೆಯ ಹಿಂದೆಯೇ ಅನುಮಾನ ಮತ್ತೆ ತಲೆ ಎತ್ತುತ್ತಿತ್ತು. ಅವಳಿಗೆ ಜ್ವರ ಬಂದಾಗ ಮಾವ ಗಂಜಿ ಕಾಯಿಸಿದ್ದು ನೆನಪಾಯಿತು. ಬೈಕು ಬಂದ ದಿನ ಅವರು ಊಟ ಮಾಡದೆ ಮಲಗಿದ್ದೂ ನೆನಪಾಯಿತು. ಒಬ್ಬ ಮುದುಕನ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುತ್ತಾ ಎಷ್ಟು ಬಿಗಿದಳೆಂದರೆ ಅವನು, “ಯಾರ ಮೇಲಿನ ಸಿಟ್ಟಮ್ಮಾ ಇದು?” ಎಂದ.

ಮಧ್ಯಾಹ್ನ ಬೇಗ ಮನೆಗೆ ಬಂದಳು. ಮಾವ ಬಾಗಿಲಲ್ಲಿ ತೂಕಡಿಸುತ್ತಿದ್ದರು. ಅವರ ಮಂಚದ ಕೆಳಗೆ, ಹಳೇ ಬೂಟುಗಳ ಹಿಂದೆ, ತವರದ ದೊಡ್ಡ ಡಬ್ಬಿಯೊಂದು ಸಿಕ್ಕಿತು. ಟ್ಯಾಕ್ಸಿ ಮಾರಿದಾಗ ಉಳಿದ ಎಣ್ಣೆ. ಚೀಟಿ ಅರ್ಧ ಹರಿದಿತ್ತು. ಕಿಟಕಿಯ ಬೆಳಕಿಗೆ ಹಿಡಿದು ಓದಿದಳು: ‘ಕಾರುಗಳಿಗೆ. ವಿಶೇಷ ನುಣುಪು, ಕಡಿಮೆ ಇಂಧನ ವೆಚ್ಚ.’

ಡಬ್ಬಿಯನ್ನು ತಂದು ಮಾವನ ಕುರ್ಚಿಯ ಎದುರಿಗಿಟ್ಟಳು. ಸದ್ದಿಗೆ ಅವರು ಎಚ್ಚರಾದರು.

“ಮಾವ, ಇದು ನಿಮ್ದಾ?”

“ನನ್ದೇ.”

“ನನ್ನ ಗಾಡಿಗೆ ಹಾಕ್ತಿದ್ದೀರಾ?”

ಅವರು ಸುಳ್ಳು ಹೇಳುತ್ತಾರೆಂದು ಕಾದಳು. ಅವರು ಹೇಳಲಿಲ್ಲ. “ಹೂಂ. ಹತ್ತು ಹನ್ನೆರಡು ದಿನದಿಂದ. ಒಂದೇ ಸಲ ಸುರಿಬಾರದು ಅಂತ ದಿನಕ್ಕಿಷ್ಟು.”

“ಯಾಕೆ?”

“ಯಾಕೆ ಅಂದ್ರೆ?” ಮಾವ ಬೆನ್ನು ನೆಟ್ಟಗೆ ಮಾಡಿ ಕುಳಿತರು. “ಇಂಜಿನ್ ಒಣಗಿತ್ತಲ್ಲ! ಆ ಮೆಕ್ಯಾನಿಕ್ಕು ನಿನ್ನ ಕಣ್ಣಿಗೆ ಮಣ್ಣು ಹಾಕಿದ್ದಾನೆ. ಅರ್ಧ ಸುರಿದು ಅರ್ಧ ಇಟ್ಕೊಂಡಿದ್ದಾನೆ. ಅವನ ಮುಖ ನೋಡಿದಾಗಲೇ ಅಂದ್ಕೊಂಡೆ. ಎಣ್ಣೆ ಇಲ್ದೆ ಗುಡ್ಡ ಹತ್ತಿದ್ರೆ ಇಂಜಿನ್ ಹಿಡ್ಕೊಳ್ಳುತ್ತೆ, ಚಕ್ರ ಲಾಕ್ ಆಗುತ್ತೆ. ಕೆಳಗೆ ಕಣಿವೆ ಇದೆ. ನಾನೇನು ಕಣ್ಮುಚ್ಚಿ ಕೂತಿರ್ಲಾ?”

“ನನಗೆ ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ನಂಬ್ತಿದ್ಯಾ ನೀನು? ಗಾಡಿ ಬೇಡ ಅಂದವನೇ ನಾನು. ನಾನೇ ಎಣ್ಣೆ ಇಲ್ಲ ಅಂತ ಬಂದ್ರೆ, ಮುದುಕ ಗಾಡಿ ಮಾರಿಸೋಕೆ ಆಟ ಹೂಡ್ತಿದ್ದಾನೆ ಅಂದ್ಕೊಳ್ತಿದ್ದೆ.”

ಬೆಳಿಗ್ಗೆಯಿಂದ ಅವಳು ಅಂದುಕೊಂಡದ್ದು ಅಕ್ಷರಶಃ ಅದನ್ನೇ. ಅವಳ ಮುಖ ಬಿಸಿಯಾದದ್ದನ್ನು ಮಾವ ಕಂಡರೋ ಇಲ್ಲವೋ, ಬೀದಿಯ ಕಡೆ ತಿರುಗಿದರು.

“ಬನ್ನಿ, ಒಣಗಿದ್ದು ಎಲ್ಲಿ ತೋರಿಸಿ” ಎಂದಳು. ಇನ್ನೂ ಪೂರ್ತಿ ನಂಬಿರಲಿಲ್ಲ.

ಇಬ್ಬರೂ ಓಣಿಗೆ ಹೋದರು. ಮಾವ ಊರುಗೋಲಿನಿಂದ ಕಿಂಡಿ ತೋರಿಸಿದರು. ನಿಜವಾಗಿಯೂ ಗಾಜು ಖಾಲಿ, ಒಂದು ಹನಿಯೂ ಕಾಣುತ್ತಿರಲಿಲ್ಲ. ಅವಳು ಒಂದು ಕ್ಷಣ ಗಾಬರಿಯಾದಳು. ಆಮೇಲೆ ಎಡಕ್ಕೆ ವಾಲಿ ನಿಂತ ಬೈಕನ್ನು ನೋಡಿದಳು, ಬಲಬದಿಯ ಕಿಂಡಿಯನ್ನು ನೋಡಿದಳು. ಹ್ಯಾಂಡಲ್ ಹಿಡಿದು ಬೈಕನ್ನು ನೆಟ್ಟಗೆ ಎತ್ತಿದಳು.

“ಈಗ ನೋಡಿ ಮಾವ.”

ಎಣ್ಣೆ ಎಡಗಡೆಯಿಂದ ನಿಧಾನಕ್ಕೆ ಹರಿದು ಬಂದು ಗಾಜನ್ನು ತುಂಬಿತು. ಕೆಳಗಿನ ಗೆರೆ, ಮೇಲಿನ ಗೆರೆ, ಎರಡನ್ನೂ ಮುಳುಗಿಸಿತು. ಅವಳು ಬೈಕನ್ನು ಮತ್ತೆ ವಾಲಿಸಿದಳು. ಗಾಜು ಖಾಲಿಯಾಯಿತು. ಮತ್ತೆ ಎತ್ತಿದಳು.

ಮಾವ ಬಗ್ಗಿ ಗಾಜನ್ನು ಬೆರಳಿನಿಂದ ಒರೆಸಿ ನೋಡಿದರು. “ನಾಲ್ಕು ಚಕ್ರದ್ದು ಹೀಗೆ ವಾಲೋದಿಲ್ಲ” ಎಂದರು ಕೊನೆಗೆ, ತಮಗೆ ತಾವೇ ಹೇಳಿಕೊಳ್ಳುವಂತೆ. ಆಮೇಲೆ, “ಮೂವತ್ತು ವರ್ಷ ಓಡಿಸಿದವನು ನಾನು. ಲೋಟ ಓರೆ ಹಿಡಿದು ನೀರಿಲ್ಲ ಅಂದ ಹಾಗಾಯ್ತಲ್ಲ” ಎಂದರು. ದನಿ ಸಣ್ಣದಾಗಿತ್ತು. ಅವಳಿಗೆ ಅವರ ಪ್ಯಾಂಟಿನ ಮಂಡಿಯ ಮೇಲಿದ್ದ ಮಣ್ಣಿನ ಗುರುತು ಕಾಣಿಸಿತು. ಹತ್ತು ಹನ್ನೆರಡು ದಿನ ಆ ಮಂಡಿಯನ್ನು ಮಡಿಸಿದ್ದರು.

“ನಾನೂ ತಪ್ಪು ತಿಳ್ಕೊಂಡೆ ಮಾವ” ಎಂದಳು. ಏನು ತಿಳಿದುಕೊಂಡೆ ಎಂದು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಸಂಜೆ ನಾಲ್ಕಕ್ಕೆ ಇಬ್ಬರೂ ಬೈಕು ತಳ್ಳಿಕೊಂಡು ಗ್ಯಾರೇಜಿಗೆ ಹೋದರು. ಅವಳು ತಳ್ಳಿದಳು, ಮಾವ ಪಕ್ಕದಲ್ಲಿ ತವರದ ಡಬ್ಬಿ ಹಿಡಿದು ಕುಂಟುತ್ತಾ ಬಂದರು. ಅವಳು ಒಳಗೆ ಹೋಗಿ, ಗೋಡೆಯ ಬಳಿ ನಿಂತು, ಮೆಲ್ಲನೆ ನಡೆದದ್ದನ್ನೆಲ್ಲ ಹೇಳಿ, “ನನ್ನಿಂದ ತಪ್ಪಾಯ್ತು” ಎಂದಳು.

ಮೆಕ್ಯಾನಿಕ್ ಪೂರ್ತಿ ಕೇಳಿದ. ತವರದ ಡಬ್ಬಿಯ ಮುಚ್ಚಳ ತೆಗೆದು, ಎರಡು ಬೆರಳ ನಡುವೆ ಎಣ್ಣೆ ತಿಕ್ಕಿ ನೋಡಿದ. “ಎಣ್ಣೆ ಒಳ್ಳೇದೇ ಯಜಮಾನ್ರೇ. ಕಾರಿಗೆ. ಕಾರಿನಲ್ಲಿ ಇಂಜಿನ್ ಬೇರೆ ಮನೆ, ಕ್ಲಚ್ಚು ಬೇರೆ ಮನೆ. ಬೈಕಿನಲ್ಲಿ ಇಬ್ಬರಿಗೂ ಒಂದೇ ಮನೆ, ಒಂದೇ ಎಣ್ಣೆಯಲ್ಲಿ ಮುಳುಗಿರ್ತಾರೆ. ನೀವು ನುಣುಪು ಹಾಕಿದ್ರಿ. ಇಂಜಿನ್ನಿಗೆ ಖುಷಿ. ಆದ್ರೆ ಕ್ಲಚ್ಚಿನ ಬಿಲ್ಲೆಗಳು ಒಂದನ್ನೊಂದು ಗಟ್ಟಿಯಾಗಿ ಹಿಡ್ಕೊಂಡ್ರೆ ತಾನೇ ಗಾಡಿ ಹೋಗೋದು? ಅವು ಜಾರಿದ್ವು.” ಅವಳು ಕೇಳಿದ ಅವನ ಅತಿ ಉದ್ದದ ಮಾತು ಅದು.

ಆಮೇಲೆ ಅವಳ ಕಡೆ ತಿರುಗಿ, “ನರ್ಸಮ್ಮ, ಅವತ್ತು ನೀವು ಬೀದೀಲಿ ನಿಂತು ಹೇಳಿದ್ರಿ. ಇವತ್ತು ಒಳಗೆ ಬಂದು ಪಿಸುಮಾತಲ್ಲಿ ಹೇಳ್ತಿದ್ದೀರಿ. ಅವತ್ತು ಕೂತಿದ್ದವರಲ್ಲಿ ಇಬ್ಬರು ಆಮೇಲೆ ಈ ಕಡೆ ಬಂದಿಲ್ಲ” ಎಂದ.

ಮಾವ ಏನೋ ಹೇಳಲು ಹೋದರು. ಅವಳು ಕೈ ಅಡ್ಡ ಹಿಡಿದು ಹೊರಗೆ ಬಂದಳು. ಬೀದಿಯಲ್ಲಿ ಸೈಕಲ್ ಅಂಗಡಿಯವನು, ಬ್ರೆಡ್ಡು ಮಾರುವವಳು, ಪೆಟ್ರೋಲ್ ಡಬ್ಬಿ ಹಿಡಿದ ಒಬ್ಬ ಆಟೋದವನು ಇದ್ದರು. “ಕೇಳಿ ಇಲ್ಲಿ” ಎಂದಳು, ವಾರ್ಡಿನಲ್ಲಿ ಗದರುವ ದನಿಯಲ್ಲಿ. “ನನ್ನ ಗಾಡಿ ಕೆಟ್ಟದ್ದು ಈ ಮೆಕ್ಯಾನಿಕ್ಕಿಂದಲ್ಲ. ಅದು ನಮ್ಮ ಮನೆಯ ತಪ್ಪು. ಇವರು ನಾನು ಕೊಟ್ಟದ್ದನ್ನೇ ಹಾಕಿದ್ದಾರೆ, ಅಳತೆ ಸರಿಯಾಗಿ ಹಾಕಿದ್ದಾರೆ. ನಾನು ಸುಳ್ಳು ಹೇಳಿದೆ.” ಬ್ರೆಡ್ಡಿನವಳು ಬುಟ್ಟಿ ಇಳಿಸಿ ಬಾಯಿ ಬಿಟ್ಟುಕೊಂಡು ನೋಡಿದಳು. ಅವಳಿಗೆ ತಿಳಿದರೆ ಬೀದಿಗೆಲ್ಲ ತಿಳಿದಂತೆ.

ಅಲ್ಲಿಂದ ಸಿಹಿಮಾತಿನ ಅಂಗಡಿ. ಅವನಲ್ಲೂ ಕ್ಷಮೆ ಕೇಳಿದಳು. “ಅಯ್ಯೋ ಬಿಡಿ ನರ್ಸಮ್ಮ, ನಮ್ಮ ನಿಮ್ಮ ನಡುವೆ ಅದೆಲ್ಲ ಯಾಕೆ” ಎಂದು ಅವನು ಮತ್ತೆ ಸಿಹಿಯಾದ. ಹೊಸ ಡಬ್ಬಿ ತೆಗೆದುಕೊಳ್ಳುವಾಗ ಅವಳು ಮತ್ತೆ ಹಿಂದಿನ ಸಾಲಿಗೇ ಕೈ ಹಾಕಿದಳು, ಮುಚ್ಚಳದ ಸುತ್ತ ಉಗುರು ಆಡಿಸಿದಳು. ಕ್ಷಮೆ ಬೇರೆ, ಡಬ್ಬಿ ಬೇರೆ. ಈ ಸಲ ಮಾವನೂ ಅದನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಹಿಂಬದಿಯ ಸಣ್ಣ ಅಕ್ಷರ ಓದಿದರು.

ಮೆಕ್ಯಾನಿಕ್ ಬೆರಕೆ ಎಣ್ಣೆಯನ್ನೆಲ್ಲ ಇಳಿಸಿ, ಕ್ಲಚ್ಚಿನ ಬಿಲ್ಲೆಗಳನ್ನು ಹೊಸದಾಗಿ ಹಾಕಲು ಒಂದು ದಿನ ತೆಗೆದುಕೊಂಡ. ಅವನ ಮುನಿಸು ಪೂರ್ತಿ ಇಳಿಯಲು ಮಾತ್ರ ತಿಂಗಳೇ ಹಿಡಿಯಿತು. ಬೈಕು ವಾಪಸು ಕೊಡುವಾಗಲೂ ಬೀಗದ ಕೈಯನ್ನು ಅವಳ ಕೈಗೆ ಕೊಡದೆ ಸೀಟಿನ ಮೇಲಿಟ್ಟ. ಅದನ್ನು ಅವಳು ಸಹಿಸಿಕೊಂಡಳು. ಬಡಗಿಯ ಹಾಗೆ ಅವನೂ ಮೆಲ್ಲಗೆ ಸಮಾಧಾನ ಹೇಳಿದ್ದರೆ ಇನ್ನೂ ಕಷ್ಟವಾಗುತ್ತಿತ್ತು.

ಶನಿವಾರ ಗುಡ್ಡದ ಸರದಿ. ಅವಳು ತಂಪುಪೆಟ್ಟಿಗೆ ಕಟ್ಟುತ್ತಿರುವಾಗ ಮಾವ ಬೂಟು ಹಾಕಿಕೊಂಡು, ಊರುಗೋಲು ಹಿಡಿದು ಬಂದು ನಿಂತರು.

“ಎಲ್ಲಿಗೆ ಮಾವ?”

“ಗುಡ್ಡಕ್ಕೆ. ಹೊಸ ಬಿಲ್ಲೆ ಹಾಕಿದ್ದಾನಂತೆ. ಹಾಕಿದ್ದಾನೋ ಇಲ್ವೋ ಏರಿನಲ್ಲೇ ಗೊತ್ತಾಗೋದು.”

“ನಿಮಗೆ ಎರಡು ಚಕ್ರ ಆಗೋದಿಲ್ವಲ್ಲ.”

“ಆಗೋದಿಲ್ಲ. ಅದಕ್ಕೇ ಬರ್ತಿರೋದು.”

ಕ್ಷೌರದ ಅಂಗಡಿಯ ಬಾಗಿಲಲ್ಲಿ ಗಂಡ ಬ್ರಷ್ಷು ಹಿಡಿದೇ ನಿಂತು ಈ ಮೆರವಣಿಗೆ ನೋಡಿದ. ಒಳಗೆ ಅರ್ಧ ಮುಖಕ್ಕೆ ಸೋಪು ಹಚ್ಚಿಸಿಕೊಂಡ ಗಿರಾಕಿ ಕಾಯುತ್ತಿದ್ದ. ಮಾವ ಒಂದು ಕೈಯಿಂದ ತಂಪುಪೆಟ್ಟಿಗೆ ತಬ್ಬಿಕೊಂಡು, ಇನ್ನೊಂದು ಕೈಯಿಂದ ಹಿಂದಿನ ಕಂಬಿ ಬಿಗಿಯಾಗಿ ಹಿಡಿದು ಕುಳಿತರು. ಮೊದಲ ತಿರುವಿನವರೆಗೆ ಉಸಿರೇ ಬಿಡಲಿಲ್ಲ. ಆಮೇಲೆ ಬಾಯಿ ಬಂತು.

“ಎರಡನೇ ಗೇರಿಗೆ ಹಾಕು.”

“ಹಾಕಿದ್ದೀನಿ ಮಾವ.”

“ಹಾಕಿದ ಸದ್ದು ಕೇಳಲಿಲ್ಲ.”

“ಸರಿಯಾಗಿ ಹಾಕಿದ್ರೆ ಸದ್ದು ಬರೋದಿಲ್ಲ.”

ಎರಡನೇ ತಿರುವು ಬಂತು, ಅವತ್ತು ಬೈಕನ್ನು ಒರಗಿಸಿದ ಕಲ್ಲು ಬಂತು, ದಾಟಿತು. ಇಂಜಿನ್ ಕೂಗಲಿಲ್ಲ, ಚಕ್ರ ನೆಲ ಕಚ್ಚಿಕೊಂಡು ಏರಿತು. ಇಬ್ಬರೂ ಕಿವಿ ನೆಟ್ಟಗೆ ಮಾಡಿ, ಎಲ್ಲಿ ಯಾವಾಗ ಕೈಕೊಡುತ್ತದೋ ಎಂದು ಆಲಿಸುತ್ತಲೇ ಇದ್ದರು. ಮೇಲಿನ ಮನೆಯ ಎದುರು ನಿಂತಾಗ ಬಾಣಂತಿ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು; ಕೂಸಿನ ಕೆನ್ನೆ ತುಂಬಿಕೊಂಡಿತ್ತು. ನರ್ಸಮ್ಮ ತಕ್ಕಡಿ ಬಿಚ್ಚಿ ಒಳಗೆ ಹೋದಳು.

ತೂಕ ನೋಡಿ, ಅನುಮಾನ ಬಂದು ಇನ್ನೊಮ್ಮೆ ನೋಡಿ, ಎರಡು ಸಲವೂ ಸರಿಯಾಗಿಯೇ ಇದ್ದದ್ದರಿಂದ ಮುಗುಳ್ನಗುತ್ತಾ ಹೊರಗೆ ಬಂದಾಗ, ಮಾವ ಮನೆಯವರು ಕೊಟ್ಟ ಕುರ್ಚಿಯಲ್ಲಿ ಕೂತಿರಲಿಲ್ಲ. ಬೈಕಿನ ಪಕ್ಕ ನಿಂತು ಇಂಜಿನ್ನಿನ ಕೆಳಗಿನ ನೆಲವನ್ನು ಊರುಗೋಲಿನಿಂದ ಕೆದಕಿ ನೋಡುತ್ತಿದ್ದರು.

“ಒಂದು ಹನಿಯೂ ಬಿದ್ದಿಲ್ಲ” ಎಂದರು, ನಂಬಲು ಕಷ್ಟವಾಗುತ್ತಿರುವಂತೆ. “ಇಳಿಯೋವಾಗ ಏನಾಗುತ್ತೋ, ನೋಡೋಣ.”

“ನೋಡೋಣ” ಎಂದು ಅವಳು ಬೈಕು ಹತ್ತಿದಳು.